ಬಳಪದ ಕಲ್ಲು: ಬೆಂಕಿ ಹೆತ್ತದ್ದು, ನೀರು ತಿದ್ದಿದ್ದು

(ಬೇಲೂರು–ಹಳೇಬೀಡು ಪ್ರವಾಸಕ್ಕೆ ಹೊರಟಿದ್ದ ಪದವಿಪೂರ್ವ ಕಾಲೇಜು ವಿದ್ಯಾರ್ಥಿಗಳ ಎದುರು ನಮ್ಮ ವರದಿಗಾರರು ಮಾಡಿದ ಭಾಷಣದ ಬರಹರೂಪ.)



ಮೊದಲಿಗೆ ಒಂದು ತಪ್ಪೊಪ್ಪಿಗೆ. ನಾನು ಎಂಟನೇ ತರಗತಿಯಲ್ಲಿದ್ದಾಗ ಶಾಲೆಯ ಪ್ರವಾಸದಲ್ಲಿ ಒಂದು ಹಳ್ಳಿಯ ಹೊಯ್ಸಳ ಗುಡಿಗೆ ಹೋಗಿದ್ದೆವು. ಎಲ್ಲರೂ ತಿಂಡಿಯ ಗಡಿಬಿಡಿಯಲ್ಲಿದ್ದಾಗ ನಾನು ಜೇಬಿನಲ್ಲಿದ್ದ ಬೀಗದ ಕೈಯಿಂದ ಕಂಬವೊಂದರ ಬುಡದಲ್ಲಿ ನನ್ನ ಹೆಸರಿನ ಮೊದಲಕ್ಷರ ಗೀಚಿದೆ. ಕಷ್ಟವೇ ಆಗಲಿಲ್ಲ. ಸ್ಲೇಟಿನ ಮೇಲೆ ಬರೆದಷ್ಟು ಸಲೀಸಾಗಿ ಬಿಳಿ ಗೆರೆ ಮೂಡಿತು. ಕಲ್ಲೆಂದರೆ ಗಟ್ಟಿ ಎಂದುಕೊಂಡಿದ್ದ ನನಗೆ ಆಶ್ಚರ್ಯವಾಯಿತು. ಅದಕ್ಕೆ ಉತ್ತರ ಸಿಕ್ಕಿದ್ದು ವರದಿಗಾರನಾಗಿ ಭೂವಿಜ್ಞಾನ ಬಲ್ಲವರ ಬೆನ್ನು ಬಿದ್ದ ಮೇಲೆ. ನಾಚಿಕೆಯಾದದ್ದೂ ಆಗಲೇ.

ನೀವು ಹೋಗುತ್ತಿರುವುದು ಹಾಸನ ಜಿಲ್ಲೆಗೆ. ಈ ಒಂದೇ ಜಿಲ್ಲೆಯಲ್ಲಿ ಎರಡು ಬಗೆಯ ಕಲ್ಲುಗಳು ಎರಡು ಬಗೆಯ ಶಿಲ್ಪಗಳಾಗಿ ನಿಂತಿವೆ. ಶ್ರವಣಬೆಳಗೊಳದ ಗೊಮ್ಮಟ ಸುಮಾರು ಕ್ರಿ.ಶ. 981ರಲ್ಲಿ ಗ್ರಾನೈಟ್ ಬಂಡೆಯಲ್ಲಿ ಮೂಡಿದವನು. ಬೇಲೂರಿನ ಚೆನ್ನಕೇಶವ ಗುಡಿ ವಿಷ್ಣುವರ್ಧನನ ಕಾಲದ್ದು, 1117ರದು. ಅದರ ಕಲ್ಲು ಬಳಪದ ಕಲ್ಲು. ಗೊಮ್ಮಟನ ಮೈಮೇಲೆ ಆಭರಣವಿಲ್ಲದಿರುವುದು ಧರ್ಮದ ಕಾರಣಕ್ಕೆ, ನಿಜ. ಆದರೆ ಮದನಿಕೆಯ ಬಳೆ, ಸರ, ಗುಂಗುರು ಕೂದಲನ್ನು ಅದೇ ಗ್ರಾನೈಟಿನಲ್ಲಿ ಬಿಡಿಸಿ ಎಂದಿದ್ದರೆ ಯಾವ ಶಿಲ್ಪಿಯಾದರೂ ಕೈ ಮುಗಿಯುತ್ತಿದ್ದನೇನೋ.

ಇದಕ್ಕೆ ಅಳತೆಯೂ ಉಂಟು. ಖನಿಜಗಳ ಗಡಸುತನಕ್ಕೆ ಜರ್ಮನಿಯ ಫ್ರೆಡ್ರಿಕ್ ಮೋಸ್ 1812ರಲ್ಲಿ 1ರಿಂದ 10ರವರೆಗೆ ಒಂದು ಮಾಪಕ ರಚಿಸಿದರು. ಗ್ರಾನೈಟಿನಲ್ಲಿರುವ ಕ್ವಾರ್ಟ್ಜ್‌ಗೆ ಅದರಲ್ಲಿ 7, ಫೆಲ್ಡ್‌ಸ್ಪಾರ್‌ಗೆ 6. ಬಳಪದ ಕಲ್ಲಿನಲ್ಲಿರುವ ಟಾಲ್ಕ್‌ಗೆ 1, ಕ್ಲೋರೈಟ್‌ಗೆ ಎರಡು, ಎರಡೂವರೆ. ನಮ್ಮ ಉಗುರಿನ ಗಡಸು ಸುಮಾರು ಎರಡೂವರೆ! ಮುಖಕ್ಕೆ ಹಚ್ಚುವ ಟಾಲ್ಕಂ ಪೌಡರು ಈ ಟಾಲ್ಕಿನ ಪುಡಿಯೇ.

ಇಷ್ಟು ಮೆದುವಾದ ಈ ಕಲ್ಲಿನ ಮೂಲ ಮೆದುವಲ್ಲ ಎಂಬುದೇ ಸ್ವಾರಸ್ಯ. ಅದರ ಪೂರ್ವಜ ಅಗ್ನಿಶಿಲೆ. ಭೂಮಿಯ ಒಡಲಿನಿಂದ ಕಾದು ಕರಗಿ ಮೇಲೆ ಬಂದ ಶಿಲಾರಸ ತಣಿದು ಅಗ್ನಿಶಿಲೆಯಾಗುತ್ತದೆ. ಅವುಗಳಲ್ಲಿ ಮೆಗ್ನೀಶಿಯಂ ತುಂಬಿದ ಒಂದು ಪ್ರಾಚೀನ ಬಗೆಗೆ ಕೊಮಾಟಿಯೈಟ್ ಎಂದು ಹೆಸರು. ದಕ್ಷಿಣ ಆಫ್ರಿಕದ ಕೊಮಾಟಿ ನದಿಯಿಂದ 1969ರಲ್ಲಿ ಬಂದ ಹೆಸರದು. ಆ ರಸ ಸುಮಾರು 1600 ಡಿಗ್ರಿ ಸೆಲ್ಸಿಯಸ್‌ನಷ್ಟು ಕಾದಿರುತ್ತಿತ್ತು. ಅದು ತಣಿದಾಗ ಹುಟ್ಟುವ ಮುಖ್ಯ ಖನಿಜ ಆಲಿವಿನ್. ಗಡಸುತನ ಆರೂವರೆಗೂ ಮೇಲೆ. ಬೀಗದ ಕೈ ಅದರ ಮೇಲೆ ಸೋಲುತ್ತದೆ.

ಇದು ಮೆದುವಾದದ್ದು ನೀರಿನಿಂದ. ಮಳೆ ನೀರಲ್ಲ, ನೆಲದಾಳದಲ್ಲಿ ನೂರಾರು ಡಿಗ್ರಿ ಕಾದ ನೀರು. ಕುಕ್ಕರಿನೊಳಗೆ ಒತ್ತಡವಿರುವುದರಿಂದ ನೀರು 100 ಡಿಗ್ರಿ ದಾಟಿದರೂ ನೀರಾಗಿಯೇ ಉಳಿಯುವುದಿಲ್ಲವೆ? ಆಳದ ಒತ್ತಡ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು. ಆ ಬಿಸಿದ್ರವ ಬಿರುಕುಗಳಲ್ಲಿ ನುಗ್ಗಿ ಆಲಿವಿನ್‌ನೊಂದಿಗೆ ಬೆರೆತಾಗ ಸರ್ಪೆಂಟೈನ್ ಎಂಬ ಹೊಸ ಖನಿಜ ಹುಟ್ಟುತ್ತದೆ. ಅದರ ತೂಕದಲ್ಲಿ ನೂರಕ್ಕೆ ಸುಮಾರು 13 ಪಾಲು ನೀರೇ. ಕಲ್ಲಿನ ಹರಳಿನೊಳಗೆ ಕಟ್ಟಿಹಾಕಿದ ನೀರು. ಮುಂದೆ ಇಂಗಾಲದ ಡೈಆಕ್ಸೈಡ್ ತುಂಬಿದ ದ್ರವ ಹರಿದರೆ ಸರ್ಪೆಂಟೈನ್ ಒಡೆದು ಟಾಲ್ಕ್ ಮತ್ತು ಮ್ಯಾಗ್ನೆಸೈಟ್ ಆಗುತ್ತದೆ. ಕಟ್ಟಿಹಾಕಿದ್ದ ನೀರಿನ ಒಂದು ಪಾಲು ಬಿಡುಗಡೆಯಾಗುತ್ತದೆ. ಅಲ್ಯೂಮಿನಿಯಂ ಇದ್ದ ಕಡೆ ಹಸಿರು ಬಣ್ಣದ ಕ್ಲೋರೈಟ್ ಬೆಳೆಯುತ್ತದೆ. ಟಾಲ್ಕೂ ಕ್ಲೋರೈಟೂ ತೆಳು ಹಾಳೆಗಳನ್ನು ಒಂದರ ಮೇಲೊಂದು ಪೇರಿಸಿದಂಥ ಖನಿಜಗಳು. ಹಾಳೆಗಳ ನಡುವಿನ ಬಂಧ ಬಲಹೀನ. ಉಳಿ ತಾಗಿದರೆ ಬಿಟ್ಟುಕೊಡುತ್ತವೆ. ಮುಟ್ಟಿದರೆ ಸೋಪಿನಂತೆ ಜಾರುವುದೂ ಅದಕ್ಕೇ.

ಇಷ್ಟೆಲ್ಲ ಬದಲಾದ ಕಲ್ಲಿನ ಮೂಲ ಅಗ್ನಿಶಿಲೆಯೇ ಎಂದು ಹೇಗೆ ಹೇಳುತ್ತಾರೆ? ಹುಣಸೆಹಣ್ಣು ನೆನೆಹಾಕಿದ್ದನ್ನು ನೆನೆಸಿಕೊಳ್ಳಿ. ಹುಳಿ ನೀರಿಗೆ ಬರುತ್ತದೆ, ನಾರು ಉಳಿಯುತ್ತದೆ. ನಾರು ನೋಡಿದವರು ಇದು ಹುಣಸೆಹಣ್ಣು ಎಂದು ಹೇಳಬಲ್ಲರು. ಕಲ್ಲೂ ಹಾಗೆಯೇ. ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂನಂಥ ಧಾತುಗಳನ್ನು ದ್ರವ ಸುಲಭವಾಗಿ ಹೊತ್ತೊಯ್ಯುತ್ತದೆ. ಕ್ರೋಮಿಯಂ, ಟೈಟಾನಿಯಂನಂಥವು ಅಷ್ಟು ಸುಲಭವಾಗಿ ಜಾಗ ಬಿಟ್ಟು ಕದಲುವುದಿಲ್ಲ. ಮೆಗ್ನೀಶಿಯಂ ತುಂಬಿದ ಅಗ್ನಿಶಿಲೆಯಲ್ಲಿ ಹತ್ತು ಲಕ್ಷಕ್ಕೆ ಸಾವಿರಕ್ಕೂ ಮಿಕ್ಕಿ ಪಾಲು ಕ್ರೋಮಿಯಂ ಇರುವುದು ಸಾಮಾನ್ಯ. ಗ್ರಾನೈಟಿನಲ್ಲಿ ಬಲು ಕಡಿಮೆ. ಮೆದುವಾದ ಕಲ್ಲಿನಲ್ಲಿ ಅಷ್ಟು ಕ್ರೋಮಿಯಂ ಸಿಕ್ಕಿತೆಂದರೆ ಅದರ ವಂಶಾವಳಿ ಸಿಕ್ಕಂತೆ. ಭೂರಸಾಯನ ವಿಜ್ಞಾನಿಗಳ ಪತ್ತೇದಾರಿ ನಡೆಯುವುದು ಹೀಗೆ.

ಹಾಸನ ಜಿಲ್ಲೆಯ ನುಗ್ಗೇಹಳ್ಳಿ ಮತ್ತು ಹೊಳೆನರಸೀಪುರದ ಸುತ್ತ ಮುನ್ನೂರು ಕೋಟಿ ವರ್ಷಕ್ಕೂ ಹಳೆಯದಾದ ಇಂಥ ಶಿಲೆಗಳ ಪಟ್ಟಿಗಳಿವೆ. ನುಗ್ಗೇಹಳ್ಳಿ ಪಟ್ಟಿಯ ಬೈರಾಪುರದಲ್ಲಿ ಕ್ರೋಮಿಯಂ ಅದಿರಿಗಾಗಿ ಗಣಿ ತೋಡಿದ್ದಾರೆ. ಅದೇ ನುಗ್ಗೇಹಳ್ಳಿಯಲ್ಲಿ 1246ರ ಲಕ್ಷ್ಮೀನರಸಿಂಹ ಗುಡಿ ಇದೆ. ಭೂವಿಜ್ಞಾನಿಗೂ ಕಲಾಪ್ರೇಮಿಗೂ ಒಂದೇ ಊರು ಯಾತ್ರಾಸ್ಥಳವಾಗುವುದು ಅಪರೂಪ.

ಇನ್ನೊಂದು ಮಾತು. ಈ ಕಲ್ಲು ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಬಂದ ಮೇಲೆ ಕಬ್ಬಿಣ ಎಂದು ಹೇಳುವುದನ್ನು ನೀವು ಕೇಳಬಹುದು. ಅದನ್ನು ನಂಬಿ ಧೈರ್ಯ ಮಾಡಬೇಡಿ. ಒಂಬೈನೂರು ವರ್ಷ ಬಿಸಿಲು ಕಾದರೂ ಟಾಲ್ಕ್ ಟಾಲ್ಕೇ, ಕ್ವಾರ್ಟ್ಜ್ ಆಗುವುದಿಲ್ಲ. ಶಿಲ್ಪಿಯ ಉಳಿಗೆ ಒಲಿದ ಮೆದುತನವೇ ನಮ್ಮ ಬೀಗದ ಕೈಗೂ ಒಲಿಯುತ್ತದೆ. ಕಲ್ಲಿನಲ್ಲಿ ಕಾರ್ಬೊನೇಟ್ ಸೇರಿದ್ದರೆ ಆಮ್ಲಕ್ಕೂ ಅದು ಕರಗುತ್ತದೆ. ಕೊಳೆ ತೆಗೆಯಲು ಆಸಿಡ್ ಸುರಿಯುವುದು ಶಿಲ್ಪವನ್ನೇ ತೊಳೆದುಹಾಕಿದಂತೆ.

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿ ಸೇರಿದವು. ಗೌರವ ಬಂತು, ಆದರೆ ಪಟ್ಟಿಗೆ ಸೇರಿದ ಮಾತ್ರಕ್ಕೆ ಕಲ್ಲು ಗಟ್ಟಿಯಾಗುವುದಿಲ್ಲ.

ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಶಿಲ್ಪಗಳ ಕೆಳಗೆ ಹೆಸರು ಕೆತ್ತಿದ್ದಾರೆ. ಹುಡುಕಿ ಓದಿ. ಬೆಂಕಿ ಹೆತ್ತು, ನೀರು ಹದ ಮಾಡಿ, ಕೋಟ್ಯಂತರ ವರ್ಷ ಕಾದ ಕಲ್ಲಿನ ಮೇಲೆ ಹೆಸರು ಬರೆಯುವ ಹಕ್ಕನ್ನು ಅವರು ಕೆಲಸ ಮಾಡಿ ಗಳಿಸಿದರು. ನಾನು ಗಳಿಸಿರಲಿಲ್ಲ. ಆ ಹಳ್ಳಿಯ ಗುಡಿಗೆ ಹೋದ ವರ್ಷ ಮತ್ತೆ ಹೋಗಿದ್ದೆ. ನನ್ನ ಅಕ್ಷರ ಇನ್ನೂ ಅಲ್ಲೇ ಇದೆ.