ತೆರೆಯ ಮೇಲೆ ನಮ್ಮ ಮುಖ

(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿನಿಯೊಬ್ಬರು ಮಾಡಿದ ಭಾಷಣ)



ಇದೇ ಶಾಲೆಯ ನಾಟಕಗಳಲ್ಲಿ ರಾಣಿಯ ಪಾತ್ರ ಬೆಳ್ಳಗಿದ್ದವರಿಗೆ ಸಿಗುತ್ತಿತ್ತು. ಕಪ್ಪಗಿದ್ದ ನನಗೆ ಪ್ರತಿ ವರ್ಷವೂ ದಾಸಿಯ ಪಾತ್ರ. ಯಾರೂ ಕೆಡುಕು ಬಯಸಿ ಹಾಗೆ ಮಾಡಲಿಲ್ಲ. ಸಿನಿಮಾ, ಜಾಹೀರಾತುಗಳು ನಮಗೆಲ್ಲ ಕಲಿಸಿದ್ದೇ ಅದು. 1975ರಲ್ಲಿ ಮಾರುಕಟ್ಟೆಗೆ ಬಂದ ‘ಫೇರ್ ಅಂಡ್ ಲವ್ಲಿ’ ತನ್ನ ಹೆಸರಿನಿಂದ ‘ಫೇರ್’ ಎಂಬ ಪದವನ್ನು ಕೈಬಿಟ್ಟದ್ದು 45 ವರ್ಷಗಳ ಮೇಲೆ, 2020ರಲ್ಲಿ.

‘ತಿಥಿ’ ಚಿತ್ರದಲ್ಲಿ ನಟಿಸಿದವರು ಮಂಡ್ಯ ಸೀಮೆಯ ಹಳ್ಳಿಗರೇ. ಬಿಸಿಲುಂಡ ಅದೇ ಮುಖ, ಅದೇ ಮಾತು. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಅದಕ್ಕೆ ಪ್ರಶಸ್ತಿ ಬಂತು.

ಶಿಕ್ಷಕರಲ್ಲಿ ನನ್ನದೊಂದೇ ವಿನಂತಿ: ಮುಂದಿನ ವಾರ್ಷಿಕೋತ್ಸವಕ್ಕೆ ಪಾತ್ರ ಹಂಚುವಾಗ ಮಕ್ಕಳ ಬಣ್ಣ ನೋಡಬೇಡಿ, ದನಿ ಕೇಳಿ.