‘ಪರ್ಮಿಷನ್ ಡಿನೈಡ್’ ಬಂದ್ರೆ ಮೊದಲು ಫೈಲ್ ಯಾರದು ನೋಡ್ರಿ

ಹೋದ ವಾರ ಹಿಡಕಲ್ ಡ್ಯಾಮಿನಿಂದ ಒಬ್ಬ ಹುಡುಗ ರಾತ್ರಿ ಹನ್ನೊಂದಕ್ಕೆ ವಾಯ್ಸ್ ಮೆಸೇಜ್ ಕಳಿಸಿದ್ದ. "ಅಣ್ಣಾ, ನಾಳೆ ಕಾಲೇಜಿನ್ಯಾಗ ಪ್ರಾಜೆಕ್ಟ್ ತೋರಿಸಬೇಕು. ಉಬುಂಟುದಾಗ ಪೈಥಾನ್ ಪ್ಯಾಕೇಜ್ ಇನ್‌ಸ್ಟಾಲ್ ಆಗವಲ್ದು, ಪರ್ಮಿಷನ್ ಡಿನೈಡ್ ಅಂತೈತಿ. ಟ್ರಿಪಲ್ ಸೆವೆನ್ ಕೊಟ್ಟುಬಿಡ್ಲೇನು?"

ಕೊಡಬ್ಯಾಡ ತಮ್ಮಾ ಅಂದೆ. ಅವನ ಊರಿನ ಉದಾಹರಣೆಯನ್ನೇ ಹೇಳಿದೆ. ಡ್ಯಾಮಿನ ನೀರನ್ನು ಯಾರು ಬೇಕಾದರೂ ನೋಡಬಹುದು, ಅದು ರೀಡ್. ನೀರಿನ ಮಟ್ಟ ರಿಜಿಸ್ಟರಿನಲ್ಲಿ ಬರೆಯೋದು ಸಿಬ್ಬಂದಿ, ಅದು ರೈಟ್. ಗೇಟ್ ಎತ್ತೋದು ಎಕ್ಸಿಕ್ಯೂಟ್, ಅದು ನೀರಾವರಿಯವರ ಕೈಯಲ್ಲೇ ಇರಬೇಕು. ಲಿನಕ್ಸ್‌ನಲ್ಲಿ ರೀಡ್‌ಗೆ 4, ರೈಟ್‌ಗೆ 2, ಎಕ್ಸಿಕ್ಯೂಟ್‌ಗೆ 1. ಮೂರೂ ಸೇರಿದರೆ 7. ಮೊದಲ ಏಳು ಮಾಲೀಕನಿಗೆ, ಎರಡನೆಯದು ಅವನ ಗುಂಪಿಗೆ, ಮೂರನೆಯದು ಊರಿಗೆಲ್ಲ. ಅಂದ್ರೆ ಟ್ರಿಪಲ್ ಸೆವೆನ್ ಕೊಡೋದು ಗೇಟಿನ ಸ್ವಿಚ್ಚನ್ನು ದಾರಿಹೋಕರ ಕೈಗೆ ಕೊಟ್ಟಂಗ. ಘಟಪ್ರಭಾ ಉಕ್ಕಿದರೆ ಗೋಕಾಕದಾಗ ಏನಾಗ್ತದ ಅಂತ 2019ರ ಆಗಸ್ಟ್‌ನಲ್ಲಿ ನೋಡೀವಲ್ಲ.

ನಾನೇ ಒಮ್ಮೆ ಹಂಗ ಮಾಡಿದ್ದೆ. ಒಂದು ಫೋಲ್ಡರಿಗಲ್ಲ, ಇಡೀ ಸಿಸ್ಟಮ್ಮಿಗೇ. ಎರಡು ನಿಮಿಷ ಎಲ್ಲ ಸರಿ ಅನ್ನಿಸ್ತು. ಆಮೇಲೆ ಸುಡೊ ಕಮಾಂಡೇ ಓಡಲಿಲ್ಲ. ಸುಡೊ ಫೈಲಿಗೆ ಒಂದು ವಿಶೇಷ ಗುರುತು ಇರುತ್ತದೆ, ಆ ಬಲದಿಂದಲೇ ಅದು ರೂಟ್ ಆಗಿ ಓಡುತ್ತದೆ. ನನ್ನ 777 ಅದನ್ನೇ ಅಳಿಸಿತ್ತು. ಸರಿಮಾಡೋಕೆ ಸುಡೊ ಬೇಕು, ಸುಡೊನೇ ಕೆಟ್ಟಿದೆ! ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಫೋಟೊ ಎಲ್ಲ ಕಾಪಿ ಮಾಡಿಕೊಂಡು, ಮತ್ತೆ ಉಬುಂಟು ಹಾಕುವಷ್ಟರಲ್ಲಿ ಬೆಳಗಾಗಿತ್ತು.

ಹುಡುಗನಿಗೆ ಹೇಳಿದ್ದು ಇಷ್ಟು. ಟರ್ಮಿನಲ್‌ನಲ್ಲಿ ಎಲ್‌ಎಸ್, ಸ್ಪೇಸ್, ಮೈನಸ್ ಎಲ್ ಅಂತ ಟೈಪ್ ಮಾಡು, ಮೂರನೇ ಕಾಲಮ್ಮಿನಲ್ಲಿ ಯಾರ ಹೆಸರಿದೆ ಓದು. "ರೂಟ್ ಅಂತೈತಿ ಅಣ್ಣಾ." ಸಿಕ್ತು! ಹಿಂದಿನ ದಿನ ಯಾರದೋ ವಿಡಿಯೊ ನೋಡಿ, ವರ್ಚುವಲ್ ಎನ್ವಿರಾನ್‌ಮೆಂಟನ್ನೇ ಸುಡೊ ಹಾಕಿ ಮಾಡಿದ್ದ. ಹಾಗೆ ಮಾಡಿದಾಗ ಫೋಲ್ಡರ್ ರೂಟ್‌ನದಾಯ್ತು, ತನ್ನದೇ ಲ್ಯಾಪ್‌ಟಾಪ್‌ನಲ್ಲಿ ಇವನು ಪರಕೀಯ. ಸುಡೊ ಸಿಎಚ್‌ಓನ್, ಮೈನಸ್ ದೊಡ್ಡ ಆರ್, ತನ್ನ ಯೂಸರ್‌ನೇಮ್, ಆ ಫೋಲ್ಡರಿನ ಹೆಸರು. ಒಂದೇ ಸಾಲು, ಮಾಲೀಕತ್ವ ವಾಪಸ್. ಆಮೇಲೆ ಸುಡೊ ಇಲ್ಲದೇ ಪಿಪ್ ಓಡಿತು.

ಇಳಿಸಿಕೊಂಡ ಫೈಲ್ ನಿಮ್ಮದೇ ಆಗಿದ್ದೂ ಓಡದಿದ್ದರೆ ಬೇರೆ ಮಾತು. ಆಗ ಎಕ್ಸಿಕ್ಯೂಟ್ ಮಾತ್ರ ಸಾಕು: ಸಿಎಚ್‌ಮಾಡ್, ಯು ಪ್ಲಸ್ ಎಕ್ಸ್, ಫೈಲಿನ ಹೆಸರು.

ವಿಂಡೋಸ್‌ನವರು ಬೇಜಾರಾಗಬ್ಯಾಡ್ರಿ. ‘ನುಡಿ’ ಹಾಕುವಾಗ ಅಡ್ಮಿನ್ ಪಾಸ್‌ವರ್ಡ್ ಕೇಳೋದೂ ಇದೇ ಕಾರಣಕ್ಕೆ, ಪ್ರೋಗ್ರಾಮ್ ಫೈಲ್ಸ್ ಫೋಲ್ಡರಿನಲ್ಲಿ ಬರೆಯೋಕೆ ಸಾಮಾನ್ಯ ಯೂಸರಿಗೆ ಅಧಿಕಾರ ಇಲ್ಲ. 2007ರಲ್ಲಿ ವಿಸ್ಟಾ ಬಂದಾಗಿನಿಂದ ಆ ಕೇಳೋ ಕಿಟಕಿ ಇದೆ. ನಿಮ್ಮದೇ ಕಂಪ್ಯೂಟರ್ ಆದ್ರೆ ರೈಟ್ ಕ್ಲಿಕ್ ಮಾಡಿ ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಒತ್ರಿ. ಕಾಲೇಜ್ ಲ್ಯಾಬಿನದಾದ್ರೆ ಲ್ಯಾಬ್ ಸರ್ ಅವರನ್ನ ಕೇಳ್ರಿ.

ಅಂದಹಾಗೆ, ಆ ಹುಡುಗ ಮಧ್ಯರಾತ್ರಿ ಹನ್ನೆರಡೂವರೆಗೆ ಸ್ಕ್ರೀನ್‌ಶಾಟ್ ಕಳಿಸಿದ. ಪ್ರಾಜೆಕ್ಟ್ ಓಡ್ತಿತ್ತು. ಕೆಳಗೆ ಬರೆದಿದ್ದ: "ಇನ್ನ ಮಲಗ್ತೀನಿ ಅಣ್ಣಾ."