ಸೇವೆ ಮತ್ತು ಸಾನ್ನಿಧ್ಯ



ದೇವರ ಕೆಲಸಕ್ಕೆಂದು ಮನೆಮಾರುಗಳನ್ನು ತೊರೆದು, ಕಡಲನ್ನು ದಾಟಿ, ಕಂಡರಿಯದ ನಾಡಿನಲ್ಲಿ ಬಂದು ನೆಲೆಸಿದ ಮಿಷನರಿಗೆ ಆ ದೇವರೇ ದೂರವಾಗಬಹುದೆಂದರೆ, ಮೊದಲ ಕೇಳ್ವಿಗೆ ಅದು ನಂಬತಕ್ಕ ಮಾತೆಂದು ತೋರದು. ಆದರೆ ಸೇವಾಜೀವನದ ಒಳಗನ್ನು ಬಲ್ಲವರು ಅದನ್ನು ಅಲ್ಲಗಳೆಯಲಾರರು. ಲೋಕವ್ಯಾಪಾರದಲ್ಲಿ ಮುಳುಗಿದವನಿಗಾದರೋ ತಾನು ದೇವರನ್ನು ಮರೆತಿರುವೆನೆಂಬ ಅಳುಕು ಒಮ್ಮೊಮ್ಮೆ ಚುಚ್ಚೀತು. ದೇವರ ಹೆಸರಿನಲ್ಲಿಯೇ ಹಗಲಿರುಳು ದುಡಿಯುವವನಿಗೆ ಆ ಅಳುಕಿಗೂ ಎಡೆಯಿಲ್ಲ. ಶಾಲೆ, ಆಸ್ಪತ್ರೆ, ಉಪದೇಶ, ಪತ್ರವ್ಯವಹಾರ, ಲೆಕ್ಕಪತ್ರ ಇವೆಲ್ಲವೂ ಆತನವೇ ಆಗಿರಲಾಗಿ, ಆತನೊಡನೆ ಕ್ಷಣಕಾಲ ಕುಳಿತುಕೊಳ್ಳಲು ವೇಳೆ ದೊರೆಯದಿದ್ದುದು ಒಂದು ಲೋಪವೆಂದೇ ಮನಸ್ಸಿಗೆ ಹೊಳೆಯುವುದಿಲ್ಲ.

ಈ ವಿಚಾರವನ್ನು ಚಿಂತಿಸುವಾಗ ನನ್ನ ಮನಸ್ಸು ವಿಲಿಯಂ ಕೇರಿಯವರ ಬಾಳಿನತ್ತ ಹೊರಳುತ್ತದೆ. 1761ರಲ್ಲಿ ಇಂಗ್ಲೆಂಡಿನ ಒಂದು ಹಳ್ಳಿಯಲ್ಲಿ ಹುಟ್ಟಿ, ಪಾದರಕ್ಷೆಗಳನ್ನು ಹೊಲಿಯುವ ಕಸುಬಿನಲ್ಲಿ ಬೆಳೆದು, 1793ರಲ್ಲಿ ಮಿಷನರಿಯಾಗಿ ಬಂಗಾಳಕ್ಕೆ ಬಂದಿಳಿದ ಆ ಮಹನೀಯರು ಮೊದಲ ವರ್ಷಗಳನ್ನು ಮದನಾಬತಿಯೆಂಬ ಊರಿನ ನೀಲಿ ತಯಾರಿಕೆಯ ಮೇಲ್ವಿಚಾರಣೆಯಲ್ಲಿ ಕಳೆದರು. ಅಲ್ಲಿ ಅವರ ಪುಟ್ಟ ಮಗ ಪೀಟರ್ ತೀರಿಕೊಂಡನು. ಪತ್ನಿ ಡಾರತಿಯವರ ಚಿತ್ತ ಕದಡಿ, ಮರಳಿ ಎಂದೂ ತಿಳಿಯಾಗಲಿಲ್ಲ. ಏಳು ವರ್ಷಗಳ ದುಡಿಮೆಗೆ ಒಬ್ಬ ಬಂಗಾಳಿಯೂ ಕ್ರಿಸ್ತನ ಶಿಷ್ಯನಾಗಲಿಲ್ಲ. ಆ ಕಾಲದ ದಿನಚರಿಯಲ್ಲಿ ಅವರು ತಮ್ಮ ಹೃದಯದ ಬರಡುತನವನ್ನೂ, ಮನಬಿಚ್ಚಿ ಮಾತನಾಡಲು ಒಬ್ಬ ಜೊತೆಗಾರನಿಲ್ಲದ ಸಂಕಟವನ್ನೂ ಮರೆಮಾಚದೆ ಬರೆದಿಟ್ಟಿದ್ದಾರೆ. ಪ್ರಾರ್ಥನೆಯು ಅವರ ದುಃಖವನ್ನು ಪರಿಹರಿಸಿತೆಂದು ನಾನು ಹೇಳಲಾರೆ. ದುಃಖದ ನಡುವೆಯೂ ಅವರು ಪ್ರಾರ್ಥನೆಯನ್ನು ಬಿಡಲಿಲ್ಲವೆಂಬುದನ್ನು ಮಾತ್ರ ಹೇಳಬಲ್ಲೆ.

1800ರಲ್ಲಿ ಅವರು ಡೇನರ ಆಳ್ವಿಕೆಗೆ ಸೇರಿದ್ದ ಶ್ರೀರಾಂಪುರದಲ್ಲಿ ಮಾರ್ಷ್‌ಮನ್ ಮತ್ತು ವಾರ್ಡ್ ಎಂಬ ಸಹೋದ್ಯೋಗಿಗಳನ್ನು ಕೂಡಿಕೊಂಡ ಮೇಲೆ, ಸಂಕಟದ ಜೊತೆಗೆ ಕೆಲಸದ ಮಹಾಪೂರವೂ ಬಂದಿತು. ಕಲ್ಕತ್ತೆಯಲ್ಲಿ ಕಳೆದ ಒಂದು ದಿನದ ವಿವರವನ್ನು ಅವರು 1806ರಲ್ಲಿ ಸ್ನೇಹಿತರೊಬ್ಬರಿಗೆ ಬರೆದ ಪತ್ರದಿಂದ ತಿಳಿಯಬಹುದು. ಬೆಳಿಗ್ಗೆ ಆರಕ್ಕೆ ಮುನ್ನವೇ ಎದ್ದು ಹೀಬ್ರೂ ಸತ್ಯವೇದದ ಒಂದು ಅಧ್ಯಾಯವನ್ನೋದಿ, ಏಳರವರೆಗೆ ಏಕಾಂತ ಪ್ರಾರ್ಥನೆ, ಬಳಿಕ ಮನೆಯ ಸೇವಕರೊಡನೆ ಬಂಗಾಳಿಯಲ್ಲಿ ಕುಟುಂಬ ಪ್ರಾರ್ಥನೆ, ಚಹಾ ಸಿದ್ಧವಾಗುವಷ್ಟರಲ್ಲಿ ಮುನ್ಷಿಯೊಡನೆ ಪಾರಸಿಯ ಓದು, ಉಪಾಹಾರದ ಮೇಲೆ ಪಂಡಿತರೊಡನೆ ಸಂಸ್ಕೃತ ರಾಮಾಯಣದ ಅನುವಾದ, ಹತ್ತರಿಂದ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಪಾಠ, ಹಿಂದಿರುಗಿ ಬಂದು ಯೆರೆಮೀಯನ ಗ್ರಂಥದ ಬಂಗಾಳಿ ಕರಡಚ್ಚಿನ ತಿದ್ದುಪಡಿ, ಮತ್ತಾಯನ ಸುವಾರ್ತೆಯ ಸಂಸ್ಕೃತಾನುವಾದ, ಸಂಜೆ ತೆಲುಗು ಪಂಡಿತರ ಬಳಿ ಅಭ್ಯಾಸ, ರಾತ್ರಿ ಉಪದೇಶ, ಮತ್ತೆ ಹನ್ನೊಂದರವರೆಗೆ ಅನುವಾದ. ಪತ್ರಗಳನ್ನು ಬರೆದು ಮುಗಿಸಿ, ಗ್ರೀಕ್ ಹೊಸ ಒಡಂಬಡಿಕೆಯ ಒಂದು ಅಧ್ಯಾಯವನ್ನೋದಿ, ತಮ್ಮನ್ನು ದೇವರಿಗೆ ಒಪ್ಪಿಸಿಕೊಂಡು ಮಲಗುವರು.

ಈ ದಿನಚರಿಯಲ್ಲಿ ನನ್ನನ್ನು ತಡೆದು ನಿಲ್ಲಿಸುವುದು ಅದರ ಮೊದಲೂ ಕೊನೆಯೂ. ದಿನವಿಡೀ ಪವಿತ್ರಗ್ರಂಥವನ್ನೇ ಕೈಯಲ್ಲಿ ಹಿಡಿದು, ಅದರ ಪದಪದವನ್ನೂ ತೂಗಿ ನೋಡಿ, ಅಚ್ಚಿನ ತಪ್ಪುಗಳನ್ನು ತಿದ್ದುತ್ತಿದ್ದವರಿಗೆ ಆ ಗ್ರಂಥವನ್ನು ಬೇರೆಯಾಗಿ ಓದುವ ಅಗತ್ಯವೇನಿತ್ತೆಂದು ಯಾರಾದರೂ ಕೇಳಬಹುದು. ಕೇರಿಯವರು ಆ ಎರಡು ಓದುಗಳ ಅಂತರವನ್ನು ಬಲ್ಲವರಾಗಿದ್ದರು. ಪರರಿಗೆ ಮುಟ್ಟಿಸಬೇಕೆಂದು ಓದುವಾಗ ನಮ್ಮ ಕಣ್ಣು ಪರರ ಮೇಲಿರುತ್ತದೆ. ಆ ವಾಕ್ಯವು ನಮ್ಮನ್ನೇ ಉದ್ದೇಶಿಸಿ ಏನನ್ನಾದರೂ ನುಡಿಯಲು ಬಂದಿದ್ದರೆ, ನಾವು ಅದನ್ನು ಬೇರೊಬ್ಬರಿಗೆಂದು ಎತ್ತಿಟ್ಟು ಮುಂದೆ ಸಾಗುತ್ತೇವೆ. ಸೇದುವವರು ಎಷ್ಟೇ ಮಂದಿ ಇರಲಿ, ತಳದಲ್ಲಿ ಊಟೆಯಿಲ್ಲದ ಬಾವಿ ಬೇಸಗೆಗೆ ಬತ್ತಲೇಬೇಕು.

ಏಕಾಂತದಷ್ಟೇ ಮುಖ್ಯವಾದ ಮತ್ತೊಂದು ಸಂಗತಿಯನ್ನೂ ಆ ಶ್ರೀರಾಂಪುರದ ಬಳಗವು ಅರಿತಿತ್ತು. ಶನಿವಾರದ ಸಂಜೆ ಅವರೆಲ್ಲರೂ ಒಂದೆಡೆ ಕಲೆತು, ವಾರದಲ್ಲಿ ತಲೆದೋರಿದ ಮನಸ್ತಾಪಗಳನ್ನು ಮುಚ್ಚಿಡದೆ ಮಾತನಾಡಿ, ಪರಸ್ಪರ ಪ್ರೀತಿಸುವೆವೆಂದು ಮತ್ತೊಮ್ಮೆ ಮಾತು ಕೊಡುತ್ತಿದ್ದರು. ಜೊತೆಗಾರನೊಡನೆ ಮುರಿದುಕೊಂಡ ಹೃದಯವು ದೇವರೊಡನೆ ಸರಾಗವಾಗಿ ಮಾತನಾಡಲಾರದೆಂಬುದನ್ನು ಅವರು ಅನುಭವದಿಂದ ಕಂಡಿದ್ದಿರಬೇಕು. 1805ರಲ್ಲಿ ತಾವೇ ರಚಿಸಿಕೊಂಡ ಒಡಂಬಡಿಕೆಯ ಪತ್ರದಲ್ಲಿ ರಹಸ್ಯ ಪ್ರಾರ್ಥನೆಯನ್ನೇ ಭಕ್ತಿಯ ಬೇರೆಂದು ಬರೆದು, ಆ ಪತ್ರವನ್ನು ವರ್ಷಕ್ಕೆ ಮೂರಾವರ್ತಿ ಎಲ್ಲರೆದುರು ಓದತಕ್ಕದ್ದೆಂದು ಕಟ್ಟುಮಾಡಿದರು. ಮರೆವು ಮನುಷ್ಯನ ಸ್ವಭಾವವೆಂದು ತಿಳಿದವರು ಮಾತ್ರ ಇಂತಹ ಕಟ್ಟನ್ನು ಮಾಡಿಕೊಳ್ಳಬಲ್ಲರು.

ಇವೆಲ್ಲದರ ಪರೀಕ್ಷೆ ನಡೆದುದು 1812ರ ಮಾರ್ಚ್ 11ರಂದು. ಆ ಸಂಜೆ ಶ್ರೀರಾಂಪುರದಲ್ಲಿ ಅವರು ನಡೆಸುತ್ತಿದ್ದ ಅಚ್ಚುಕೂಟಕ್ಕೆ ಬೆಂಕಿ ಬಿದ್ದು, ಕಾಗದದ ರಾಶಿಗಳೂ, ಹಲವು ಭಾಷೆಗಳ ಅಚ್ಚಿನ ಮೊಳೆಗಳೂ, ವರ್ಷಗಟ್ಟಲೆ ಬೆವರು ಸುರಿಸಿ ಸಿದ್ಧಪಡಿಸಿದ ನಿಘಂಟು ವ್ಯಾಕರಣಗಳ ಹಸ್ತಪ್ರತಿಗಳೂ ಸುಟ್ಟುಹೋದವು. ಮುಂದಿನ ಭಾನುವಾರ ಕೇರಿಯವರು ಕಲ್ಕತ್ತೆಯಲ್ಲಿ ಉಪದೇಶಕ್ಕೆ ನಿಂತಾಗ ಆರಿಸಿಕೊಂಡದ್ದು ನಲವತ್ತಾರನೆಯ ಕೀರ್ತನೆಯಲ್ಲಿ ದೇವರ ಮುಂದೆ ಸುಮ್ಮನಿರುವುದನ್ನು ಕಲಿಸುವ ವಚನವನ್ನು. ನಮ್ಮನ್ನು ತನ್ನ ಚಿತ್ತದಂತೆ ನಡೆಸಲು ದೇವರಿಗೆ ಅಧಿಕಾರವುಂಟು, ಅದಕ್ಕೆ ತಲೆಬಾಗುವುದು ನಮ್ಮ ಧರ್ಮ ಎಂಬುದು ಆ ಉಪದೇಶದ ತಿರುಳು. ಅನಂತರ ಕರಗಿದ ಲೋಹವನ್ನೇ ಬೂದಿಯಿಂದ ಆಯ್ದು ಮೊಳೆಗಳನ್ನು ಮರಳಿ ಎರಕಹೊಯ್ದರು. ಐದು ವರ್ಷಗಳ ತರುವಾಯ, 1817ರಲ್ಲಿ, ಕೇರಿಯವರೇ ರಚಿಸಿದ ಕನ್ನಡ ಭಾಷೆಯ ವ್ಯಾಕರಣವೊಂದು ಶ್ರೀರಾಂಪುರದಿಂದಲೇ ಪ್ರಕಟವಾಯಿತು. ಹೂಗ್ಲಿಯ ದಂಡೆಯಲ್ಲಿ ನಡೆದ ಆ ಸಾಧನೆಗೆ ಕನ್ನಡಿಗರಾದ ನಾವೂ ಋಣಿಗಳು.

ಕೇರಿಯವರ ಮುಂಜಾನೆಯ ಏಕಾಂತಕ್ಕೆ ಮೇಲ್ಪಂಕ್ತಿಯೆಂಬಂತೆ, ಮಾರ್ಕನ ಸುವಾರ್ತೆಯ ಮೊದಲನೆಯ ಅಧ್ಯಾಯದಲ್ಲಿ, ಇನ್ನೂ ಕತ್ತಲಿರುವಾಗಲೇ ಯೇಸುಸ್ವಾಮಿಯು ಎದ್ದು ಅಡವಿಯ ಸ್ಥಳಕ್ಕೆ ಹೋಗಿ ಪ್ರಾರ್ಥಿಸಿದ ಸಂಗತಿ ಬರುತ್ತದೆ. ಶಿಷ್ಯರು ಅರಸಿಕೊಂಡು ಬಂದು, ಊರೆಲ್ಲ ಆತನನ್ನು ಹುಡುಕುತ್ತಿದೆಯೆಂದು ತಿಳಿಸುತ್ತಾರೆ. ಹಿಂದಿನ ಸಂಜೆ ಬಾಗಿಲ ಬಳಿ ರೋಗಿಗಳು ನೆರೆದಿದ್ದರು, ಅಂದೂ ನೆರೆಯುವವರಿದ್ದರು. ಆದರೂ ಆತನು ಮೊದಲ ಗಳಿಗೆಯನ್ನು ತಂದೆಗೆ ಕೊಟ್ಟನು. ಸೇವೆಯು ಎಷ್ಟು ತುರ್ತಿನದೋ ಅಷ್ಟೇ ಎಚ್ಚರದಿಂದ ಆ ಗಳಿಗೆಯನ್ನು ಕಾಯ್ದುಕೊಳ್ಳಬೇಕೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ.

ಬಂಧುಗಳೇ, ಮಿಷನರಿಗೆ ಹೇಳಿದ ಈ ಮಾತು ರೋಗಿಗಳ ಶುಶ್ರೂಷೆ ಮಾಡುವವರಿಗೂ, ಮಕ್ಕಳಿಗೆ ವಿದ್ಯೆ ಕಲಿಸುವವರಿಗೂ, ಮನೆಯ ಮುದುಕರನ್ನು ನೋಡಿಕೊಳ್ಳುವ ಗೃಹಿಣಿಗೂ ಸಲ್ಲುತ್ತದೆ. ನಾವು ಮಾಡುವ ಸತ್ಕಾರ್ಯವು ಬೆಂಕಿಗೋ, ಕಾಯಿಲೆಗೋ, ಮುಪ್ಪಿಗೋ ಸಿಕ್ಕಿ ಒಂದು ದಿನ ಕೈತಪ್ಪಬಹುದು. ಆದಕಾರಣ ದಿನದ ಉಳಿಕೆಯನ್ನು ದೇವರಿಗೆ ಮೀಸಲಿಡದೆ ದಿನದ ಮೊದಲನ್ನು ಕೊಡೋಣ. ಏನನ್ನೂ ಸಾಧಿಸಬೇಕೆಂಬ ಹಂಬಲವಿಲ್ಲದೆ, ಆತನ ಮಕ್ಕಳೆಂಬ ಒಂದೇ ಹಕ್ಕಿನಿಂದ ಆತನ ಸನ್ನಿಧಿಯಲ್ಲಿ ಕುಳಿತುಕೊಳ್ಳೋಣ. ಕೆಲಸವಿರುವಾಗ ಈ ಅಭ್ಯಾಸ ಮಾಡಿಕೊಂಡವರು ಕೆಲಸವಿಲ್ಲದಾಗಲೂ ಆತನ ಬಳಿಯಲ್ಲೇ ಇರುವರು.